ಮಾಧವಧಾರೆಯ ಜಲವೂ ನಮ್ಮ ಮಡಿಯೂ

॥ ಶ್ರೀ ವರಾಹಲಕ್ಷ್ಮೀನೃಸಿಂಹಾಯ ನಮಃ ॥



ಸಕಲಗುಣಪರಿಪೂರ್ಣನೂ ದೋಷದೂರನೂ ಆದ ಶ್ರೀಹರಿಯನ್ನು, ಜೀವೋತ್ತಮರಾದ ಶ್ರೀವಾಯುದೇವರನ್ನು, ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರನ್ನು ಹಾಗೂ ಗುರುಪರಂಪರೆಯನ್ನು ಸ್ಮರಿಸಿ, ನಿತ್ಯಬಳಕೆಯ ಒಂದು ಪದಾರ್ಥದ ಕುರಿತು ಯಥಾಮತಿ ಕೆಲವು ಮಾತುಗಳನ್ನು ಸಜ್ಜನರ ಮುಂದಿಡುತ್ತೇನೆ. ಆ ಪದಾರ್ಥವೇ ನೀರು.

ಉದ್ಯೋಗನಿಮಿತ್ತ ರಾಯಚೂರು, ಬಳ್ಳಾರಿ, ಧಾರವಾಡ, ವಿಜಯಪುರ, ಉಡುಪಿ ಸೀಮೆಗಳನ್ನು ಬಿಟ್ಟು ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ನೆಲೆಸಿದ ನಮ್ಮ ಮನೆಗಳಲ್ಲಿ ಹಿರಿಯರು ಪದೇಪದೇ ಕೇಳುವ ಪ್ರಶ್ನೆಯೊಂದುಂಟು. ಊರಿನಲ್ಲಿದ್ದಾಗ ಬಾವಿಯಿತ್ತು, ಹೊಳೆಯಿತ್ತು. ಮಿಂದು, ಒದ್ದೆಬಟ್ಟೆಯಲ್ಲಿಯೇ ಒಂದು ಕೊಡ ಮಡಿನೀರು ತಂದರೆ ದೇವರ ಪೂಜೆಗೂ ಅಡುಗೆಗೂ ಆಗುತ್ತಿತ್ತು. ಇಲ್ಲಿ ಮೂರನೆಯ ಮಹಡಿಯ ಮನೆ. ನಲ್ಲಿಯ ನೀರು, ತೊಟ್ಟಿಯ ನೀರು, ಅಂಗಡಿಯ ಕ್ಯಾನಿನ ನೀರು. ಇವುಗಳಲ್ಲಿ ಯಾವುದು ದೇವರಿಗೆ ಸಲ್ಲುತ್ತದೆ? ಈ ಪ್ರಶ್ನೆಯ ಬಾಧೆ ತಾಳಲಾರದೆಯೇ ವಿಶಾಖಪಟ್ಟಣದ ನಮ್ಮವರಲ್ಲಿ ಕೆಲವರು ಬೆಳಗಿನ ಜಾವ ಕೊಡ, ಕ್ಯಾನುಗಳನ್ನು ಹಿಡಿದು ಮಾಧವಧಾರೆಗೆ ಹೋಗುತ್ತಾರೆ. ಬೆಟ್ಟದ ಒಡಲಿನಿಂದ ತಾನಾಗಿ ಬೀಳುವ ನೀರು ಅದು. ಅದರಷ್ಟು ಶುದ್ಧವಾದುದು ಬೇರೆ ಯಾವುದಿದೆ ಎಂಬುದು ಅವರ ಭಾವನೆ. ಭಾವನೆ ಒಳ್ಳೆಯದೇ. ಆದರೆ ಧಾರೆಯ ಬಳಿ ನಿಂತಾಗ ಶಾಸ್ತ್ರವು ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನು ಸ್ವಲ್ಪ ವಿವೇಚಿಸುವುದು ಅಗತ್ಯ.

ಸಿಂಹಾದ್ರಿಯ ಧಾರೆಗಳು

ಸಿಂಹಾಚಲವೆಂಬುದು ಒಂದು ಶಿಖರದ ಹೆಸರಾದರೂ ಅದು ವಿಶಾಖಪಟ್ಟಣದ ಮಗ್ಗುಲಿಗೆ ಹಬ್ಬಿದ ಒಂದು ಬೆಟ್ಟಸಾಲು. ಅದರ ಒಂದು ಮೈಯಲ್ಲಿ ವರಾಹಲಕ್ಷ್ಮೀನೃಸಿಂಹಸ್ವಾಮಿಯ ಸನ್ನಿಧಿ; ಇನ್ನೊಂದು ಮೈಯ ಬುಡದಲ್ಲಿ ಮಾಧವಧಾರೆ. ಅಲ್ಲಿಂದ ಬೆಟ್ಟವನ್ನು ಹತ್ತಿಳಿದು ಸ್ವಾಮಿಯ ಸನ್ನಿಧಿಗೆ ಹೋಗುವ ಹಳೆಯ ಮೆಟ್ಟಿಲ ದಾರಿಯೂ ಉಂಟು. ದೇವಸ್ಥಾನದ ಸಮೀಪದಲ್ಲಿಯೇ ಗಂಗಧಾರೆ. ಇದಲ್ಲದೆ ಆಕಾಶಧಾರೆ, ಚಕ್ರಧಾರೆ, ನಾಗಧಾರೆ ಎಂದು ಹಲವು ಧಾರೆಗಳನ್ನು ಈ ಬೆಟ್ಟದಲ್ಲಿ ಎಣಿಸುತ್ತಾರೆ. ಸೀತಮ್ಮಧಾರ, ಮಾಧವಧಾರ ಎಂಬ ಬಡಾವಣೆಗಳ ಹೆಸರುಗಳಲ್ಲಿಯೂ ಧಾರೆ ನಿಂತಿದೆ. ಬಸ್ಸಿನ ಹಣೆಯ ಮೇಲೆ ದಿನವೂ ಓದುವ ಆ ಹೆಸರುಗಳಲ್ಲಿ ಒಂದು ನೀರಿನ ನೆನಪಿದೆ ಎಂಬುದು ಎಷ್ಟು ಜನರಿಗೆ ಹೊಳೆಯುತ್ತದೆ?

ಸ್ವಾಮಿಯು ವರ್ಷವೆಲ್ಲ ಚಂದನದಿಂದ ಆವೃತನಾಗಿರುತ್ತಾನೆ. ವೈಶಾಖ ಶುದ್ಧ ತದಿಗೆಯ ಒಂದು ದಿನ ಮಾತ್ರ ಚಂದನವನ್ನು ತೆಗೆದು ನಿಜರೂಪದರ್ಶನ. ಅಂದು ಗಂಗಧಾರೆಯಿಂದ ತಂದ ಸಾವಿರ ಕೊಡಗಳ ನೀರಿನಿಂದ ಸಹಸ್ರಘಟಾಭಿಷೇಕ ನಡೆಯುತ್ತದೆ. ಅನಂತರ ಪುನಃ ಚಂದನಲೇಪನ. ಆಷಾಢ ಹುಣ್ಣಿಮೆಯ ಸಂದರ್ಭದಲ್ಲಿ ಲಕ್ಷಾಂತರ ಭಕ್ತರು ಈ ಬೆಟ್ಟಸಾಲಿಗೆ ಸುಮಾರು 32 ಕಿಲೋಮೀಟರುಗಳ ಗಿರಿಪ್ರದಕ್ಷಿಣೆ ಮಾಡುತ್ತಾರೆ. ಆ ರಾತ್ರಿ ದಾರಿಯುದ್ದಕ್ಕೂ ಸಾಮಾನ್ಯ ಗೃಹಸ್ಥರು ಮನೆಯ ಮುಂದೆ ಮೇಜು ಹಾಕಿ ನಡೆಯುವವರಿಗೆ ನೀರು, ಮಜ್ಜಿಗೆ ಕೊಡುತ್ತಾರೆ. ಬೆಟ್ಟವು ಕೊಡುವುದನ್ನು ನೋಡಿ ಬೆಟ್ಟದ ಬುಡದವರು ಕಲಿತ ಪಾಠ ಅದು ಎಂದು ನನಗೆ ತೋರುತ್ತದೆ.

ನಮ್ಮ ಸಂಪ್ರದಾಯಕ್ಕೆ ಈ ನಾಡು ಹೊಸದಲ್ಲ. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀನರಹರಿತೀರ್ಥರು ಕಳಿಂಗದಲ್ಲಿ ರಾಜ್ಯಭಾರದ ಹೊಣೆಯನ್ನು ಹೊತ್ತಿದ್ದವರು. ಶ್ರೀಕೂರ್ಮಕ್ಷೇತ್ರದಲ್ಲಿರುವ 1281ರ ಸಂಸ್ಕೃತ ಶಾಸನವು ಅವರನ್ನೂ ಅವರ ಗುರುಗಳಾದ ಆನಂದತೀರ್ಥರನ್ನೂ ಹೆಸರಿಸುತ್ತದೆ. ಅಲ್ಲಿ ಯೋಗಾನಂದನೃಸಿಂಹನಿಗೆ ಅವರು ಗುಡಿ ಕಟ್ಟಿಸಿದುದನ್ನು ಹೇಳುತ್ತದೆ. ಸಿಂಹಾಚಲದ ಶಾಸನಗಳಲ್ಲಿಯೂ ಅವರ ಉಲ್ಲೇಖವುಂಟು. ಕಳಿಂಗದ ಆ ಯತಿವರ್ಯರು ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿ ದಾಸಸಾಹಿತ್ಯಕ್ಕೆ ಮೊದಲಿಗರಾದರು ಎಂದು ನಮ್ಮ ಸಂಪ್ರದಾಯ ಗೌರವಿಸುತ್ತದೆ. ಅವರ ಬೃಂದಾವನವಿರುವುದು ಹಂಪೆಯಲ್ಲಿ, ತುಂಗಭದ್ರೆಯಲ್ಲಿ. ಹೀಗಿರಲು ಇಲ್ಲಿ ನಾವು ಪರದೇಶಿಗಳೆಂದು ಭಾವಿಸಬೇಕಾಗಿಲ್ಲ.

ಧಾರೆಯು ಹುಟ್ಟುವ ಬಗೆಯನ್ನೂ ತಿಳಿಯುವುದು ಒಳ್ಳೆಯದು. ಪೂರ್ವಘಟ್ಟದ ಈ ಬೆಟ್ಟಗಳ ಶಿಲೆಗೆ ಭೂವಿಜ್ಞಾನಿಗಳು ಖೊಂಡಲೈಟ್ ಎಂದು ಹೆಸರಿಟ್ಟಿದ್ದಾರೆ. ಘಟ್ಟದ ನಿವಾಸಿಗಳಾದ ಖೊಂಡ ಜನರ ಹೆಸರಿನಿಂದ ಬಂದುದು. ಈ ಶಿಲೆ ಬಿಸಿಲುಮಳೆಗೆ ಸವೆದಾಗ ಸಡಿಲಾಗಿ ನೀರನ್ನು ಹೀರಿಕೊಳ್ಳುತ್ತದೆ. ಮುಂಗಾರಿನಲ್ಲಿಯೂ, ಆಶ್ವಯುಜ ಕಾರ್ತಿಕಗಳ ತುಫಾನುಗಳಲ್ಲಿಯೂ ಬಿದ್ದ ಮಳೆ ಮರಗಳ ಬೇರುಗಳ ನಡುವೆ ಮೆಲ್ಲನೆ ಇಳಿದು ಬೆಟ್ಟದ ಒಳಗೆ ಸೇರುತ್ತದೆ. ಕೆಳಗೆ ಗಟ್ಟಿಬಂಡೆ ಅಡ್ಡವಾದಾಗ ಪಕ್ಕಕ್ಕೆ ಸರಿದು ಇಳಿಜಾರಿನಲ್ಲಿ ಹೊರಗೆ ಬರುತ್ತದೆ. ನಾವು ಜ್ಯೇಷ್ಠದಲ್ಲಿ ಬೊಗಸೆಯೊಡ್ಡಿ ಕುಡಿಯುವ ನೀರು ಎಷ್ಟೋ ತಿಂಗಳ ಹಿಂದೆ ಬಿದ್ದ ಮಳೆಯಾಗಿರಬಹುದು. ಆದುದರಿಂದ ಬೆಟ್ಟದ ಮೇಲೆ ಮರ ಕಡಿದರೆ, ಕಲ್ಲು ಒಡೆದರೆ, ಮಣ್ಣಿಗೆ ಕಾಂಕ್ರೀಟು ಮುಚ್ಚಿದರೆ ಕೆಳಗಿನ ಧಾರೆ ಕ್ಷೀಣಿಸುತ್ತದೆ. ಧಾರೆಯ ಮೇಲೆ ಭಕ್ತಿಯಿದ್ದವನಿಗೆ ಬೆಟ್ಟದ ಮೇಲೆಯೂ ಭಕ್ತಿಯಿರಬೇಕು.

ಪ್ರಾಣಕ್ಕೆ ನೀರೇ ಆಧಾರ, ನೀರೇ ವಸ್ತ್ರ

ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕರು ತಮ್ಮ ಮಗ ಶ್ವೇತಕೇತುವಿಗೆ ಉಪದೇಶಿಸುವ ಪ್ರಸಂಗ ಎಲ್ಲರಿಗೂ ತಿಳಿದುದೇ. ಅಲ್ಲಿ ತಂದೆಯು ಮಗನಿಗೆ ಹದಿನೈದು ದಿನ ಊಟ ಮಾಡಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ ಎಂದು ಹೇಳುತ್ತಾರೆ. ನೀರು ಕುಡಿಯುವವನ ಪ್ರಾಣ ಕಡಿದುಹೋಗುವುದಿಲ್ಲ ಎಂಬುದು ಅವರ ಭರವಸೆ. ಹದಿನಾರನೆಯ ದಿನ ಮಗ ಬಂದು ನಿಂತಾಗ, ಕಲಿತ ವೇದ ಒಂದೂ ನೆನಪಿಗೆ ಬಾರದು. ಆದರೆ ಪ್ರಾಣ ಉಳಿದಿದೆ. ಊಟವಾದ ಮೇಲೆ ನೆನಪು ಮರಳುತ್ತದೆ. ಮನಸ್ಸು ಅನ್ನವನ್ನೂ ಪ್ರಾಣವು ನೀರನ್ನೂ ಆಶ್ರಯಿಸಿವೆ ಎಂಬ ತತ್ತ್ವವನ್ನು ಆ ಮಹರ್ಷಿಗಳು ಮಾತಿನಿಂದ ಮಾತ್ರ ಹೇಳದೆ ಮಗನ ದೇಹದಲ್ಲಿಯೇ ತೋರಿಸಿಕೊಟ್ಟರು.

ಅದೇ ಉಪನಿಷತ್ತಿನ ಇನ್ನೊಂದೆಡೆ, ಇಂದ್ರಿಯಗಳೆಲ್ಲ ಪ್ರಾಣನೇ ಶ್ರೇಷ್ಠನೆಂದು ಒಪ್ಪಿದ ಬಳಿಕ, ತನಗೆ ವಸ್ತ್ರ ಯಾವುದೆಂದು ಪ್ರಾಣನು ಕೇಳುತ್ತಾನೆ. ನೀರೇ ವಸ್ತ್ರವೆಂದು ಅವು ಉತ್ತರಿಸುತ್ತವೆ. ಆದುದರಿಂದಲೇ ಭೋಜನದ ಮೊದಲೂ ಕೊನೆಯೂ ಆಪೋಶನ. ಎಲೆಯ ಮುಂದೆ ಕುಳಿತು ಅಂಗೈಯಲ್ಲಿ ಒಂದು ಉದ್ಧರಣೆ ನೀರು ತೆಗೆದುಕೊಳ್ಳುವಾಗ ನಾವು ಮಾಡುತ್ತಿರುವುದು ಒಳಗೆ ನೆಲೆಸಿದ ಮುಖ್ಯಪ್ರಾಣದೇವರಿಗೆ ವಸ್ತ್ರಸಮರ್ಪಣೆ. ಈ ಅನುಸಂಧಾನವಿಲ್ಲದೆ ಕುಡಿದರೆ ಅದು ಬರೀ ಗಂಟಲು ತೇವ ಮಾಡಿಕೊಂಡಂತೆ.

ಈಗ ಒಂದು ಮಾತನ್ನು ಗಮನಿಸಬೇಕು. ಮುಖ್ಯಪ್ರಾಣದೇವರು ಪ್ರತಿಯೊಂದು ಜೀವನ ದೇಹದಲ್ಲಿದ್ದುಕೊಂಡು ದಿನಕ್ಕೆ 21,600 ಶ್ವಾಸಗಳಿಂದ ಹಂಸಮಂತ್ರವನ್ನು ಜಪಿಸುತ್ತಿದ್ದಾರೆಂಬುದು ನಮ್ಮ ಸಿದ್ಧಾಂತ. ಪ್ರತಿಯೊಂದು ದೇಹದಲ್ಲಿ ಎಂದರೆ ನಮ್ಮ ಮನೆಯವರ ದೇಹದಲ್ಲಿ ಮಾತ್ರವೆಂದು ಅರ್ಥವಲ್ಲ. ಧಾರೆಯ ಸರದಿಯಲ್ಲಿ ನಮ್ಮ ಮುಂದೆ ನಿಂತ ಕೂಲಿಯ ದೇಹದಲ್ಲಿಯೂ, ಹಿಂದೆ ನಿಂತ ಆಟೋ ಚಾಲಕನ ದೇಹದಲ್ಲಿಯೂ ಆ ಜಪ ನಡೆದೇ ಇದೆ. ಅವರ ಬಾಯಾರಿಕೆಯೂ ಅದೇ ಪ್ರಾಣದೇವರ ಸನ್ನಿಧಾನದಲ್ಲಿ ಉಂಟಾಗುವ ಬಾಯಾರಿಕೆಯೇ.

ನಲ್ಲಿಯೂ ಧಾರೆಯೂ

ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದ್ದಾರೆ. ಸ್ವತಂತ್ರನು ಶ್ರೀವಿಷ್ಣು ಒಬ್ಬನೇ. ಉಳಿದುದೆಲ್ಲವೂ ಅವನ ಅಧೀನ. ಇದನ್ನು ಪಾಠದಲ್ಲಿ ಓದುತ್ತೇವೆ, ಪ್ರವಚನದಲ್ಲಿ ಕೇಳುತ್ತೇವೆ. ಆದರೆ ನಗರಜೀವನವು ಇದಕ್ಕೆ ವಿರುದ್ಧವಾದ ಪಾಠವನ್ನು ಸದ್ದಿಲ್ಲದೆ ಕಲಿಸುತ್ತಿರುತ್ತದೆ. ನಲ್ಲಿ ತಿರುಗಿಸಿದೆ, ನೀರು ಬಂತು. ನಾನು ಬರಿಸಿದೆ ಎಂಬ ಭ್ರಾಂತಿ. ಮೇಘಾದ್ರಿಗೆಡ್ಡ, ತಾಟಿಪೂಡಿ, ರೈವಾಡ ಜಲಾಶಯಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪಂಪಿನ ಮನೆಯಲ್ಲಿ ರಾತ್ರಿ ಎಚ್ಚರವಿರುವ ನೌಕರನೂ ಬೀಳುವುದಿಲ್ಲ. ಮಳೆ ಸುರಿಸುವವನಂತೂ ನೆನಪಿಗೇ ಬಾರನು.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣದ ಮೇಲೆ ಎರಗಿತು. ಕಂಬಗಳು ಉರುಳಿ ವಿದ್ಯುತ್ತು ಹಲವು ದಿನ ಇಲ್ಲವಾಯಿತು. ಪಂಪು ನಿಂತಾಗ ಎತ್ತರದ ಮನೆಗಳ ನಲ್ಲಿಗಳು ಒಣಗಿದವು. ಮನೆಯ ಯಜಮಾನಿಕೆ, ಹುದ್ದೆ, ಬ್ಯಾಂಕಿನ ಲೆಕ್ಕ ಯಾವುದೂ ಒಂದು ತಂಬಿಗೆ ನೀರನ್ನು ಮೇಲಕ್ಕೆ ಏರಿಸಲಾರವು ಎಂಬುದು ಆಗ ಎಲ್ಲರಿಗೂ ತಿಳಿಯಿತು. ಧಾರೆಗೆ ವಿದ್ಯುತ್ತು ಬೇಕಿಲ್ಲ, ತಿರುಗಿಸುವ ಬಿರಡೆಯಿಲ್ಲ. ಅದು ನಮ್ಮ ಇಚ್ಛೆಗೆ ಬರುವುದೂ ಇಲ್ಲ, ನಮ್ಮ ಅನಿಚ್ಛೆಗೆ ನಿಲ್ಲುವುದೂ ಇಲ್ಲ. ಅದರ ಮುಂದೆ ಮಾಡಬಹುದಾದುದು ಪಾತ್ರೆಯೊಡ್ಡಿ ಕಾಯುವುದು ಒಂದೇ. ಪಾರತಂತ್ರ್ಯವೆಂದರೆ ಏನೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಕಾಯಲಾರದವನು ಧಾರೆಗೆ ಹೋಗಿಯೂ ಪಾಠ ಕಲಿಯಲಿಲ್ಲವೆಂದೇ ಹೇಳಬೇಕು.

ಮಡಿ ಯಾರ ಮೇಲಿನ ನಿಯಮ?

ಕೆಲವು ಬೇಸಿಗೆಗಳ ಹಿಂದೆ ಅಲ್ಲಿ ನಾನು ಕಣ್ಣಾರೆ ಕಂಡುದನ್ನು ಹೇಳುತ್ತೇನೆ. ಧಾರೆ ಸಣ್ಣಗಾಗಿತ್ತು, ಸರದಿ ಉದ್ದವಿತ್ತು. ಮಡಿಯುಟ್ಟ ಗೃಹಸ್ಥರೊಬ್ಬರು ತಾಮ್ರದ ಕೊಡಗಳೊಂದಿಗೆ ಬಂದು, ತಾವು ದೇವರ ಪೂಜೆಗೆ ನೀರು ಒಯ್ಯಬೇಕೆಂದೂ, ಮುಟ್ಟುಚಟ್ಟು ಆಗಬಾರದಾದುದರಿಂದ ಎಲ್ಲರೂ ಪಾತ್ರೆ ತೆಗೆದು ಹಿಂದೆ ಸರಿಯಬೇಕೆಂದೂ ಹೇಳಿದರು. ಅರ್ಧ ತುಂಬಿದ ಪ್ಲಾಸ್ಟಿಕ್ ಬಿಂದಿಗೆಯನ್ನು ಹೆಂಗಸೊಬ್ಬಳು ತೆಗೆದು ಬದಿಗಿಟ್ಟಳು. ‘ಕಾನಿವ್ವಂಡಿ ಪಂತುಲುಗಾರೂ’ ಎಂದಳು. ಆಗಲಿ ಸ್ವಾಮಿ ಎಂದು ಅದರ ಅರ್ಥ. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಅವರು ಎರಡು ಕೊಡ ತುಂಬಿದರು. ಆಮೇಲೆ ಸ್ಕೂಟರಿನಿಂದ ಮೂರು ಕ್ಯಾನುಗಳನ್ನು ತಂದು ಅವನ್ನೂ ತುಂಬಿದರು. ಅಷ್ಟರಲ್ಲಿ ಬಿಸಿಲೇರಿತು. ಅವಳು ಕೆಲಸದ ಮನೆಗೆ ಹೊತ್ತಾಯಿತೆಂದು ಅರ್ಧ ಬಿಂದಿಗೆಯನ್ನೇ ಸೊಂಟಕ್ಕೇರಿಸಿಕೊಂಡು ಹೊರಟುಹೋದಳು.

ಆ ಗೃಹಸ್ಥರು ದುಷ್ಟರಲ್ಲ, ಅನುಷ್ಠಾನವಂತರು. ಶಾಸ್ತ್ರವನ್ನು ನಡೆಸುತ್ತಿರುವೆನೆಂದೇ ಅವರ ನಂಬಿಕೆ. ಆದುದರಿಂದಲೇ ಈ ವಿಷಯವನ್ನು ಶಾಸ್ತ್ರದೃಷ್ಟಿಯಿಂದಲೇ ಪರಿಶೀಲಿಸಬೇಕು.

ಮೊದಲನೆಯದಾಗಿ, ಮಡಿಯೆಂಬುದು ಯಾರು ಅದನ್ನು ಹಿಡಿದರೋ ಅವರ ಮೇಲಿನ ನಿಯಮ. ಏಕಾದಶಿಯ ಉಪವಾಸ ಮಾಡುವವನು ತಾನು ಊಟ ಬಿಡುತ್ತಾನೆಯೇ ಹೊರತು ಪಕ್ಕದವನ ಎಲೆಯನ್ನು ಎತ್ತಿಸುವುದಿಲ್ಲ. ಮಡಿಯ ಕಷ್ಟವೂ ಹಾಗೆಯೇ ಹಿಡಿದವನದು. ಜನ ಬರುವ ಮೊದಲೇ ಅರುಣೋದಯಕ್ಕೆ ಹೋಗಬಹುದು. ಇಲ್ಲವೇ ಎಲ್ಲರೂ ತುಂಬಿಕೊಂಡ ಮೇಲೆ ಕೊನೆಯಲ್ಲಿ ನಿಲ್ಲಬಹುದು. ತನ್ನ ವ್ರತದ ಭಾರವನ್ನು ಇನ್ನೊಬ್ಬರ ಸೊಂಟದ ಮೇಲೆ ಹೊರಿಸಿದರೆ ಫಲವೂ ಅವರಿಗೇ ಸಲ್ಲಬೇಕಾದೀತು!

ಎರಡನೆಯದಾಗಿ, ಧರ್ಮಶಾಸ್ತ್ರಕಾರರು ಒಂದು ಹಸುವಿನ ದಾಹ ತಣಿಸುವಷ್ಟು ಪ್ರಮಾಣದಲ್ಲಿದ್ದು, ದುರ್ಗಂಧ, ಕೆಟ್ಟ ಬಣ್ಣ, ಕೆಟ್ಟ ರುಚಿಗಳಿಲ್ಲದ ಭೂಮಿಗತ ಜಲವನ್ನು ಶುದ್ಧವೆಂದೇ ಒಪ್ಪಿದ್ದಾರೆ. ಅಳತೆಯಾಗಿ ಅವರು ಹಸುವಿನ ಬಾಯಾರಿಕೆಯನ್ನು ಹಿಡಿದಿರುವುದು ಗಮನಾರ್ಹ. ಹರಿಯುವ ನೀರಿಗೆ ಒಬ್ಬರ ಪಾತ್ರೆಯ ಸಂಪರ್ಕದಿಂದ ದೋಷ ಬರುವುದಿಲ್ಲ. ಹಿಂದಿನವರ ಬಿಂದಿಗೆ ತುಂಬಿದ ನೀರು ಆಗಲೇ ಹೋಯಿತು. ನಮ್ಮ ಕೊಡಕ್ಕೆ ಬೀಳುವುದು ಬೆಟ್ಟದಿಂದ ಹೊಸದಾಗಿ ಬಂದುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಾವು ತಾರತಮ್ಯವನ್ನು ಒಪ್ಪುವವರು, ಪಂಚಭೇದವನ್ನು ಸತ್ಯವೆನ್ನುವವರು. ಆದರೆ ತಾರತಮ್ಯವಿರುವುದು ಜೀವರಲ್ಲಿ. ಆ ಜೀವರೊಳಗಿರುವ ಬಿಂಬರೂಪಿಯಾದ ಶ್ರೀಹರಿಯಲ್ಲಿ ತಾರತಮ್ಯವಿಲ್ಲ. ಅವನ ರೂಪಗಳಲ್ಲಿ ಎಳ್ಳಷ್ಟು ಭೇದವೆಣಿಸುವುದೂ ಮಹಾದೋಷವೆಂದು ಆಚಾರ್ಯರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಮನೆಯ ಸಂಪುಟದಲ್ಲಿರುವ ಪ್ರತಿಮೆಯ ಅಂತರ್ಗತನಿಗೆ ಅಭಿಷೇಕ ಮಾಡಲು ಹೊರಟು, ಆ ಹೆಂಗಸಿನ ಅಂತರ್ಗತನಾದ ಅದೇ ಹರಿಯ ಎದುರಿನಿಂದ ನೀರನ್ನು ಸರಿಸಿದರೆ, ಆ ಪೂಜೆಯು ಯಾರಿಗೆ ಮುಟ್ಟುತ್ತದೆ? ತಾರತಮ್ಯಜ್ಞಾನವು ಹಿರಿಯರ ಮುಂದೆ ನಮ್ಮ ತಲೆಬಾಗಿಸಲು ಬಂದುದು. ದುರ್ಬಲರ ಬಿಂದಿಗೆ ಸರಿಸಲು ಬಂದುದಲ್ಲ.

ರೈಲ್ವೆಯಲ್ಲಿ ಸೇವೆಗೆ ಸೇರಿದ ದಿನಗಳಲ್ಲಿ ಹಿರಿಯ ಸಹೋದ್ಯೋಗಿಗಳಿಂದ ಕೇಳುತ್ತಿದ್ದೆವು: ಬ್ರಿಟಿಷರ ಕಾಲದಲ್ಲಿ ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂದು ಬೇರೆ ಬೇರೆ ನೀರು, ಹಂಚುವವರೂ ಬೇರೆ. ಸ್ವಾತಂತ್ರ್ಯದ ಅನಂತರ ಆ ಪದ್ಧತಿ ಹೋಯಿತು. ಒಂದೇ ಬಾವಿಯ ನೀರು ಎರಡು ಹಂಡೆಗಳಿಗೆ ಬಿದ್ದು ಎರಡು ಜಾತಿಯಾಗುತ್ತಿತ್ತು. ಇಂದು ಕೇಳಿದರೆ ಮಕ್ಕಳು ನಗುತ್ತಾರೆ. ಧಾರೆಯ ಬಳಿ ನಾವು ನಡೆದುಕೊಳ್ಳುವ ರೀತಿಗೆ ಮುಂದಿನವರು ನಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಕಾಣದ ಮಲಿನತೆ

ಶುದ್ಧಿಯ ವಿಷಯ ಬಂದುದರಿಂದ ಇನ್ನೊಂದು ಮಾತು. ಪ್ರಾಚೀನರು ಗಂಧ, ವರ್ಣ, ರಸಗಳಿಂದ ನೀರನ್ನು ಪರೀಕ್ಷಿಸಿದರು. ಅಂದು ಬೆಟ್ಟದ ಮೇಲೆ ವಸತಿಗಳಿರಲಿಲ್ಲ. ಇಂದು ನಗರದ ಬೆಟ್ಟಗಳ ಮೈಮೇಲೆ ಮನೆಗಳೇರಿವೆ, ಶೌಚಗುಂಡಿಗಳಿವೆ. ಅವುಗಳಿಂದ ನೆಲದೊಳಕ್ಕೆ ಇಳಿದ ಕೊಳೆ ಧಾರೆಯನ್ನು ಸೇರಬಹುದು. ಹೊಸ ಮಳೆ ಬಿದ್ದ ದಿನಗಳಲ್ಲಿ ಈ ಭಯ ಹೆಚ್ಚು. ರೋಗಕಾರಕ ಸೂಕ್ಷ್ಮಜೀವಿಗಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ರುಚಿಯಿಲ್ಲ. ಬಟ್ಟೆಯಲ್ಲಿ ಶೋಧಿಸಿ ಕುಡಿಯಬೇಕೆಂಬ ಶಾಸ್ತ್ರದ ಮಾತನ್ನು ನಡೆಸಿದರೂ ಬಟ್ಟೆ ಅವನ್ನು ತಡೆಯಲಾರದು. ಆದುದರಿಂದ ಪೂಜೆಗೆ ಬೇಕಾದಷ್ಟನ್ನು ಶೋಧಿಸಿ ಬೇರೆ ಇರಿಸಿ, ಕುಡಿಯುವ ನೀರನ್ನು ಮರಳುವಂತೆ ಕುದಿಸಿ, ಆರಿಸಿ, ಮುಚ್ಚಿಡುವುದು ಕ್ಷೇಮ. ತೀರ್ಥಕ್ಕೆ ಕೂಡ ಕುದಿಸಿ ಆರಿಸಿದ ನೀರೇ ಆಗಬಹುದೇ ಎಂಬ ಸಂದೇಹವುಳ್ಳವರು ತಮ್ಮ ಮಠದ ಹಿರಿಯರನ್ನು ಕೇಳಿ ನಡೆಯಲಿ. ಮನೆಯಲ್ಲಿ ಹಸುಗೂಸು, ಬಾಣಂತಿ, ವೃದ್ಧರಿದ್ದರೆ ಈ ವಿಷಯದಲ್ಲಿ ಉದಾಸೀನ ಸಲ್ಲದು. ದೇಹವೂ ಭಗವಂತನು ಸಾಧನೆಗೆಂದು ಕೊಟ್ಟದ್ದೇ ತಾನೇ?

ನೀರಿನಲ್ಲಿ ಉಗುಳಬಾರದು, ಮಲಮೂತ್ರ ಬಿಡಬಾರದು ಎಂಬ ನಿಷೇಧಗಳು ವೇದಭಾಗದಲ್ಲಿಯೂ ಸ್ಮೃತಿಗಳಲ್ಲಿಯೂ ಸ್ಪಷ್ಟವಾಗಿವೆ. ಸಾಬೂನು, ಶಾಂಪೂ ಚೀಟಿ, ಕರ್ಪೂರದ ಪೊಟ್ಟಣ, ಪ್ಲಾಸ್ಟಿಕ್ ಚೀಲ ಇವು ಅಂದು ಇರಲಿಲ್ಲ. ಇದ್ದಿದ್ದರೆ ಸ್ಮೃತಿಕಾರರು ಅವನ್ನೂ ಸೇರಿಸುತ್ತಿದ್ದರು. ಧಾರೆಗೆ ಅರಿಸಿನ ಕುಂಕುಮ ಹಚ್ಚಿ, ಅದರ ಬುಡದಲ್ಲಿ ಚೀಲ ಬಿಸಾಡಿ ಬರುವುದು ಪೂಜೆಯೆನಿಸದು.

ಇನ್ನು ಹಿರಿಯರ ಮೊದಲಿನ ಪ್ರಶ್ನೆ: ನಲ್ಲಿಯ ನೀರು ದೇವರಿಗೆ ಸಲ್ಲುತ್ತದೆಯೇ? ಕಲಶಪೂಜೆಯಲ್ಲಿ ನಾವು ಸಮಸ್ತ ನದಿಗಳನ್ನು ಆಹ್ವಾನಿಸುತ್ತೇವೆ. ನೀರು ಜಡ, ಅದರಲ್ಲಿ ಅಭಿಮಾನಿದೇವತೆಗಳ ಸನ್ನಿಧಾನ, ಅವರ ಅಂತರ್ಗತನಾಗಿ ಶ್ರೀಹರಿಯ ಸನ್ನಿಧಾನ. ಹೊರಗಿನ ಅನುಕೂಲವಿದ್ದವರು ಧಾರೆಯ ನೀರು ತರಲಿ, ತಪ್ಪಿಲ್ಲ. ಮೊಣಕಾಲು ನೋವಿನ ಮುದುಕಿಯೊಬ್ಬಳು ಸ್ನಾನ ಮಾಡಿ, ತೊಳೆದ ಕೊಡದಲ್ಲಿ ಮನೆಯ ನಲ್ಲಿಯ ನೀರನ್ನೇ ಭಕ್ತಿಯಿಂದ ಹಿಡಿದರೆ ಅದನ್ನು ಭಗವಂತನು ತಿರಸ್ಕರಿಸುವನೆಂದು ಯಾರೂ ಭಾವಿಸಬೇಕಾಗಿಲ್ಲ. ದೇಶಕಾಲಗಳನ್ನು ನೋಡಿ ಆಚರಿಸುವುದನ್ನು ಶಾಸ್ತ್ರವೇ ಕಲಿಸಿದೆ.

ಕೃಷ್ಣೆಯ ತೀರದವರಿಗೆ

ಇಲ್ಲಿಯವರೆಗೆ ಹೇಳಿದುದು ಬೆಟ್ಟದ ಧಾರೆಯಿರುವ ಊರಿನವರಿಗೆ. ವಿಜಯವಾಡದ ಸಜ್ಜನರು, ನಮ್ಮಲ್ಲಿ ಮಾಧವಧಾರೆಯಿಲ್ಲವಲ್ಲ ಎನ್ನಬಹುದು. ಅವರಿಗೆ ಸಾಕ್ಷಾತ್ ಕೃಷ್ಣಾನದಿಯೇ ಇದ್ದಾಳೆ. ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು ಆ ನೀರು ಎಲ್ಲಿಂದ ಬಂತೆಂದು ಒಮ್ಮೆ ಚಿಂತಿಸಬೇಕು. ಮಹಾಬಲೇಶ್ವರದಲ್ಲಿ ಹುಟ್ಟಿ ಕನ್ನಡನಾಡನ್ನು ಹಾದು ಬರುವವಳು ಅವಳು. ಪಂಢರಪುರದ ಭೀಮೆ ಅವಳನ್ನು ಸೇರುತ್ತಾಳೆ. ಅಕ್ಷೋಭ್ಯತೀರ್ಥರ ಬೃಂದಾವನವಿರುವ ಮಳಖೇಡದ ಕಾಗಿಣೆ ಆ ಭೀಮೆಯ ಮೂಲಕ ಸೇರುತ್ತಾಳೆ. ಶ್ರೀಪದ್ಮನಾಭತೀರ್ಥರು ನೆಲೆಸಿದ ಆನೆಗೊಂದಿಯನ್ನೂ, ನರಹರಿತೀರ್ಥರ ಹಂಪೆಯನ್ನೂ, ಶ್ರೀರಾಘವೇಂದ್ರತೀರ್ಥರ ಮಂತ್ರಾಲಯವನ್ನೂ ಸ್ಪರ್ಶಿಸಿದ ತುಂಗಭದ್ರೆ ಶ್ರೀಶೈಲಕ್ಕಿಂತ ಮೇಲೆ ಕೂಡಿಕೊಳ್ಳುತ್ತಾಳೆ. 2015ರಿಂದ ಪಟ್ಟಿಸೀಮೆಯ ಏತದ ಮೂಲಕ ಗೋದಾವರಿಯೂ ಇಬ್ರಾಹಿಂಪಟ್ಟಣದ ಬಳಿ ಬಂದು ಬೆರೆಯುತ್ತಿದ್ದಾಳೆ. ಕಳಿಂಗದಲ್ಲಿ ಬಾಳಿದ ನರಹರಿತೀರ್ಥರ ಬೃಂದಾವನವನ್ನು ತೊಳೆದ ನೀರು ಹೀಗೆ ಆಂಧ್ರದ ನಮ್ಮ ಮನೆಯ ನಲ್ಲಿಗೆ ಬರುತ್ತದೆ. ತವರಿನಿಂದ ದೂರವಾದೆವೆಂದು ಕೊರಗುವ ಸೊಸೆಯಂದಿರಿಗೆ ಈ ಮಾತನ್ನು ಹೇಳಿರಿ: ತವರಿನ ನೀರು ಅವರ ಹಿಂದೆಯೇ ಬಂದಿದೆ.

ಆದರೆ ನೀರಿನ ಸಾಮೀಪ್ಯವೇ ನೀರಿನ ಲಾಭವಲ್ಲ. 2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಉಕ್ಕಿ ಬಂದು ಅಜಿತ್‌ಸಿಂಗ್ ನಗರವೇ ಮೊದಲಾದ ಬಡಾವಣೆಗಳು ಮುಳುಗಿದುದನ್ನು ವಿಜಯವಾಡದವರು ಮರೆತಿಲ್ಲ. ಅದೇ ವೇಳೆಗೆ ಬ್ಯಾರೇಜಿನಲ್ಲಿ ಕೃಷ್ಣೆಯ ಪ್ರವಾಹ 11 ಲಕ್ಷ ಕ್ಯೂಸೆಕ್ ಮೀರಿತ್ತು. ಮಹಡಿಗಳ ಮೇಲೆ ಸಿಕ್ಕಿಕೊಂಡ ಜನರ ಸುತ್ತ ಎಲ್ಲಿ ನೋಡಿದರೂ ನೀರೇ. ಕುಡಿಯಲು ಮಾತ್ರ ಒಂದು ಲೋಟವಿಲ್ಲ. ದೋಣಿಗಳಲ್ಲಿ ಬಾಟಲಿ ತಂದು ಹಂಚಬೇಕಾಯಿತು. ಕೈಚಾಚಿ ಬಾಟಲಿ ಹಿಡಿದವರು ಕೊಟ್ಟವರ ಗೋತ್ರ ಕೇಳಲಿಲ್ಲ, ಕೊಟ್ಟವರೂ ಕೇಳಲಿಲ್ಲ. ಬಾಯಾರಿದಾಗ ನಮಗೆ ಸಹಜವಾಗಿ ತಿಳಿಯುವ ಧರ್ಮವನ್ನು ಬಾಯಾರಿಕೆಯಿಲ್ಲದಾಗಲೂ ನೆನಪಿಡುವುದೇ ಸಂಸ್ಕಾರ.

ಈ ಸೀಮೆಯಲ್ಲಿ ಬೇಸಿಗೆ ಬಂದೊಡನೆ ಬೀದಿಬೀದಿಯಲ್ಲಿ ಚಲಿವೇಂದ್ರಗಳು ಏಳುತ್ತವೆ. ಗರಿಯ ಚಪ್ಪರ, ಮರಳಿನ ಮೇಲೆ ಮಣ್ಣಿನ ಮಡಕೆಗಳು, ಮೇಲೆ ಒದ್ದೆಬಟ್ಟೆ. ನಮ್ಮ ಅರವಟ್ಟಿಗೆಯೇ ಅದು. ಶಾಸ್ತ್ರದಲ್ಲಿ ಪ್ರಪಾದಾನವೆಂದು ಹೇಳಿರುವುದೂ ಅದನ್ನೇ. ಯಜ್ಞಾದಿಗಳು ಇಷ್ಟ, ಕೆರೆ, ಬಾವಿ, ಅರವಟ್ಟಿಗೆಗಳು ಪೂರ್ತ. ವೈಶಾಖಮಾಸದಲ್ಲಿ ಉದಕಕುಂಭದಾನವನ್ನು ಮಾಡದ ಮಾಧ್ವಮನೆ ಅಪರೂಪ. ಬ್ರಾಹ್ಮಣರಿಗೆ ಆ ದಾನವನ್ನು ಕೊಟ್ಟ ಮೇಲೆ, ಬೀದಿಯಲ್ಲಿ ಹೋಗುವವನಿಗೆ ಒಂದು ಲೋಟ ತಣ್ಣೀರು ಕೊಟ್ಟರೆ ಆ ವ್ರತ ಇನ್ನಷ್ಟು ತುಂಬಿಬರುತ್ತದೆ. ಇಡೀ ರೈಲನ್ನೇ ಅರವಟ್ಟಿಗೆಯಾಗಿ ಮಾಡಿದ ಉದಾಹರಣೆಯೂ ಉಂಟು: 2016ರ ಏಪ್ರಿಲ್‌ನಲ್ಲಿ ಬರದಿಂದ ಬೆಂದ ಲಾತೂರಿಗೆ ಮೀರಜದಿಂದ ಮೊದಲ ಗಾಡಿ ಹತ್ತು ವ್ಯಾಗನುಗಳಲ್ಲಿ ಸುಮಾರು 5 ಲಕ್ಷ ಲೀಟರು ನೀರನ್ನು ಒಯ್ದಿತು. ನಮ್ಮಂಥ ರೈಲ್ವೆಯವರಿಗೆ ಅದು ಹೆಮ್ಮೆಯ ದಿನ.

ಅಗೆಯುವುದನ್ನು ತೋರಿಸು

ಸುಮಧ್ವವಿಜಯದಲ್ಲಿ ನಾರಾಯಣಪಂಡಿತಾಚಾರ್ಯರು ವರ್ಣಿಸಿದ ಒಂದು ಪ್ರಸಂಗದಿಂದ ಈ ಲೇಖನವನ್ನು ಮುಗಿಸುವುದು ಉಚಿತ. ಈಶ್ವರದೇವನೆಂಬ ರಾಜನು ಕೆರೆ ತೋಡಿಸುತ್ತಿದ್ದ. ದಾರಿಯಲ್ಲಿ ಹೋಗುವವರನ್ನೆಲ್ಲ ಹಿಡಿದು ಅಗೆಯಲು ಹಚ್ಚುತ್ತಿದ್ದ. ಶಿಷ್ಯರೊಡನೆ ಬಂದ ಶ್ರೀಮದಾಚಾರ್ಯರಿಗೂ ಅದೇ ಆಜ್ಞೆ ಮಾಡಿದ. ನಮಗೆ ತಿಳಿಯದು, ಅಗೆಯುವ ಬಗೆಯನ್ನು ನೀನೇ ತೋರಿಸು ಎಂದರು ಆಚಾರ್ಯರು. ರಾಜನು ತೋರಿಸಲೆಂದು ಅಗೆಯಲಾರಂಭಿಸಿದವನು ನಿಲ್ಲಿಸಲಾರದೆ ಅಗೆಯುತ್ತಲೇ ಉಳಿದ. ಆಚಾರ್ಯರು ತಮ್ಮ ದಾರಿ ಹಿಡಿದು ಮುಂದೆ ನಡೆದರು.

ಈ ಕಥೆಯನ್ನು ಆಚಾರ್ಯರ ಮಹಿಮೆಗೆಂದು ನಾವು ಹೇಳುತ್ತೇವೆ, ಸರಿಯೇ. ಅದರೊಳಗೆ ನಮಗೊಂದು ಎಚ್ಚರಿಕೆಯೂ ಉಂಟು. ಕೆರೆ ತೋಡಿಸುವುದು ಪುಣ್ಯಕಾರ್ಯವೇ. ಪುಣ್ಯ ತನಗೆ, ಬೆವರು ಇತರರಿಗೆ ಎಂದು ಹಂಚಿದುದು ರಾಜನ ದೋಷ. ಇತರರನ್ನು ಹಿಂದೆ ಸರಿಸಿ ದೇವರಿಗೆ ನೀರು ಒಯ್ಯುವವನೂ ಇಂಥದೇ ಹಂಚಿಕೆ ಮಾಡುತ್ತಾನೆ. ಆದುದರಿಂದ ಧಾರೆಗೆ ಹೋಗುವ ಸಜ್ಜನರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಪೂಜೆಗೆ ಎಷ್ಟು ಬೇಕೋ ಅಷ್ಟನ್ನೇ ತನ್ನಿರಿ; ಮನೆಯಲ್ಲಿ ನಲ್ಲಿಯಿರುವವರು ಬೇಸಿಗೆಯಲ್ಲಿ ಕ್ಯಾನುಗಟ್ಟಲೆ ತುಂಬುವುದು ಬೇಡ. ಸರದಿಯಲ್ಲಿ ನಿಲ್ಲಿರಿ, ನಿಂತ ಹೊತ್ತಿನಲ್ಲಿ ಅಷ್ಟಾಕ್ಷರ ಜಪಿಸಿದರೆ ಕಾಯುವುದೇ ಸಾಧನೆಯಾಗುತ್ತದೆ. ಬರುವಾಗ ಕಾಲಬಳಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಹೆಕ್ಕಿ ತನ್ನಿರಿ. ವೃದ್ಧರು, ಕೂಸನ್ನೆತ್ತಿಕೊಂಡವರು ಹಿಂದೆ ನಿಂತಿದ್ದರೆ ಅವರನ್ನು ಮುಂದೆ ಕಳುಹಿಸಿರಿ. ಮಡಿಯುಟ್ಟವನು ಅರ್ಧ ತುಂಬಿದ ಬಿಂದಿಗೆಯೊಂದನ್ನು ನೋಡಿ, ‘ಅಮ್ಮಾ, ಮೊದಲು ನಿನ್ನದು ತುಂಬಲಿ’ ಎಂದು ಒಂದು ಹೆಜ್ಜೆ ದೂರ ನಿಂತರೆ ಅವನ ಮಡಿಯೂ ಉಳಿಯಿತು, ಅವಳ ನೀರೂ ಉಳಿಯಿತು. ಅಂಥವನು ತಂದ ಒಂದು ತಂಬಿಗೆ ನೀರಿನಿಂದ ಸಿಂಹಾದ್ರಿನಾಥನು ಸಾವಿರ ಕೊಡಗಳ ಅಭಿಷೇಕಕ್ಕೆ ಪ್ರೀತನಾದಂತೆ ಪ್ರೀತನಾಗುವನೆಂಬುದರಲ್ಲಿ ಸಂದೇಹ ಬೇಡ.

ಈ ಅಲ್ಪವಾಕ್ಸೇವೆಯಿಂದ ಶ್ರೀಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀವರಾಹಲಕ್ಷ್ಮೀನೃಸಿಂಹನು ಪ್ರೀತನಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥